ಆಟ ಕಟ್ಟಿದವರ ಹೆಸರೇನು?



ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಈ ದೃಶ್ಯ ನಿಮಗೆ ಹೊಸದಾಗಿರಲಾರದು. ಭಾನುವಾರ ಮಧ್ಯಾಹ್ನ. ಊಟದ ಮೇಜಿನ ಸುತ್ತ ಐದಾರು ಹುಡುಗ ಹುಡುಗಿಯರು. ಮೇಜಿನ ಮೇಲೆ ಹಾಳೆ, ಪೆನ್ಸಿಲ್, ಇಪ್ಪತ್ತು ಮುಖದ ಒಂದು ವಿಚಿತ್ರ ದಾಳ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ‘ನಾನು ಬಾಗಿಲು ಒಡೆಯುತ್ತೇನೆ’ ಎನ್ನುತ್ತಾಳೆ ಒಬ್ಬಳು. ದಾಳ ಉರುಳುತ್ತದೆ. ಬಾಗಿಲು ಒಡೆಯಿತೋ ಇಲ್ಲವೋ ದಾಳವೇ ಹೇಳುತ್ತದೆ. ಇದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರು. ಊರಲ್ಲಿ ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಒಬ್ಬ ಕರ್ಣನಾಗುತ್ತಾನೆ, ಇನ್ನೊಬ್ಬ ಕೃಷ್ಣನಾಗುತ್ತಾನೆ. ಮಾತು ಆ ಹೊತ್ತಿಗೆ ಹುಟ್ಟುತ್ತದೆ. ಇಲ್ಲಿ ಭಾಗವತರ ಜಾಗದಲ್ಲಿ ದಾಳ ಇದೆ, ಅಷ್ಟೆ.

ನನ್ನ ಅಕ್ಕನ ಮಗ ಇಂಥ ಒಂದು ಗುಂಪಿನವನು. ಆ ಭಾನುವಾರ ಅವರ ಮನೆಗೆ ಹೋದಾಗ ಆಟಕ್ಕಿಂತ ಜೋರಾಗಿ ಜಗಳ ನಡೆಯುತ್ತಿತ್ತು. ಕಾಲೇಜಿನ ಹಬ್ಬಕ್ಕೆ ಒಂದು ಬ್ಯಾನರ್ ಬರೆಸಬೇಕಂತೆ. ಆಟ ಕಟ್ಟಿದ ಐವರ ಹೆಸರು ಅದರಲ್ಲಿ ಇರಬೇಕು. ಯಾವ ಐವರು? ಮೊದಲ ಹೆಸರಿಗೇ ಇಬ್ಬರು ಮುನಿಸಿಕೊಂಡಿದ್ದರು. ‘ಮಾವ, ನಮ್ಮ ಕಡೆಯವರು ಯಾರಾದರೂ ಆಟ ಕಟ್ಟಿದ್ದಾರಾ?’ ಎಂದು ಕೇಳಿದ ನಮ್ಮ ಹುಡುಗ. ‘ಕಟ್ಟಿದ್ದಾರೆ. ಒಬ್ಬ ಮಹಾರಾಜ, ಇಬ್ಬರು ಅಜ್ಜಿಯರು’ ಎಂದೆ. ಹುಡುಗರೆಲ್ಲ ನಕ್ಕರು. ನೀವೂ ನಕ್ಕಿರಬಹುದು. ಇರಲಿ, ಪೂರ್ತಿ ಕೇಳಿ, ಆಮೇಲೆ ತೀರ್ಮಾನ ನಿಮ್ಮದು.

ಡಬ್ಬದ ಮೇಲಿನ ಹೆಸರು

ಮೊದಲು ಹುಡುಗರ ಜಗಳಕ್ಕೆ ಬರೋಣ. ಈ ಬಗೆಯ ಆಟಗಳ ಮೂಲಪುರುಷ ಎನ್ನಿಸಿಕೊಂಡ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅಚ್ಚಾದದ್ದು ಮೊದಲಿಗೆ ಸಾವಿರ ಪ್ರತಿ. ಅದರ ಮೇಲೆ ಎರಡು ಹೆಸರಿದ್ದವು: ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಗೈಗ್ಯಾಕ್ಸ್ ಸಂಗಡಿಗನೊಬ್ಬನ ಜೊತೆ 1971ರಲ್ಲಿ ‘ಚೈನ್‌ಮೇಲ್’ ಎಂಬ ಯುದ್ಧದಾಟದ ನಿಯಮ ಬರೆದಿದ್ದ. ಆರ್ನೆಸನ್ ಅದನ್ನು ತನ್ನ ಮನೆಗೆ ಒಯ್ದು, ತನ್ನ ಗೆಳೆಯರಿಗೆ ಒಗ್ಗುವಂತೆ ತಿದ್ದಿ, ದಂಡು ನಡೆಸುವ ಬದಲು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ನೆಲಮಾಳಿಗೆಗಳಲ್ಲಿ ಅಲೆಯುವ ಆಟ ಮಾಡಿಕೊಂಡ. ಅವನಿಗೂ ಮುಂಚೆ, 1969ರಲ್ಲಿ, ಡೇವಿಡ್ ವೆಸ್ಲಿ ಎಂಬಾತ ‘ಬ್ರೌನ್‌ಸ್ಟೈನ್’ ಎಂಬ ಆಟದಲ್ಲಿ ಆಟಗಾರರಿಗೆ ಪಾತ್ರಗಳನ್ನು ಹಂಚಿದ್ದ.

ಆಟ ಗೆದ್ದಿತು, ದುಡ್ಡು ಬಂತು, ಜಗಳವೂ ಬಂತು. ಮುಂದೆ ‘ಅಡ್ವಾನ್ಸ್ಡ್’ ಎಂಬ ಹೆಸರಿನಲ್ಲಿ ಹೊಸ ಪುಸ್ತಕಗಳು ಹೊರಟಾಗ ಆರ್ನೆಸನ್‌ಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂದು ಅವನು 1979ರಲ್ಲಿ ಕೋರ್ಟಿಗೆ ಹೋದ. 1981ರಲ್ಲಿ ರಾಜಿಯಾಯಿತು. ಗೈಗ್ಯಾಕ್ಸ್ 2008ರಲ್ಲಿ, ಆರ್ನೆಸನ್ 2009ರಲ್ಲಿ ತೀರಿಕೊಂಡರು. ಜಗಳ ಮಾತ್ರ ನಮ್ಮ ಅಕ್ಕನ ಮನೆಯ ಊಟದ ಮೇಜಿನವರೆಗೂ ಬಂದಿದೆ!

ಇನ್ನೊಂದು ಕಥೆ ಇದಕ್ಕಿಂತ ಕಹಿ. ನಾವೆಲ್ಲ ಬೇಸಿಗೆ ರಜೆಯಲ್ಲಿ ‘ಬಿಸಿನೆಸ್’ ಆಡಿದವರೇ. ಊರು ಕೊಳ್ಳುವುದು, ಬಾಡಿಗೆ ವಸೂಲಿ ಮಾಡುವುದು, ಜೈಲಿಗೆ ಹೋಗುವುದು. ಅದರ ಮೂಲ ಅಮೆರಿಕದ ‘ಮೊನಾಪಲಿ’. 1935ರಲ್ಲಿ ಚಾರ್ಲ್ಸ್ ಡ್ಯಾರೋ ಎಂಬಾತನ ಹೆಸರಿನಲ್ಲಿ ಅದನ್ನು ಕಂಪನಿಯೊಂದು ಮಾರಿತು. ಆದರೆ ಅದರ ಬೀಜ ಬಿತ್ತಿದವಳು ಎಲಿಜಬೆತ್ ಮ್ಯಾಗಿ ಎಂಬ ಹೆಂಗಸು. 1904ರಲ್ಲೇ ‘ಜಮೀನ್ದಾರನ ಆಟ’ ಎಂಬ ಅರ್ಥದ ಹೆಸರಿಟ್ಟು ಪೇಟೆಂಟ್ ಪಡೆದಿದ್ದಳು. ನೆಲವೆಲ್ಲ ಒಬ್ಬನ ಕೈ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ತೋರಿಸುವುದು ಅವಳ ಉದ್ದೇಶವಾಗಿತ್ತು. ಕಂಪನಿ ಅವಳಿಗೆ 500 ಡಾಲರ್ ಕೊಟ್ಟು ಪೇಟೆಂಟ್ ಕೊಂಡುಕೊಂಡಿತು. ಅವಳ ಹೆಸರು ಮತ್ತೆ ಬೆಳಕಿಗೆ ಬಂದದ್ದು 1970ರ ದಶಕದ ಒಂದು ಮೊಕದ್ದಮೆಯ ಕಾಲಕ್ಕೆ. ಆ ಹೊತ್ತಿಗೆ ಅವಳು ಸತ್ತು ಎಷ್ಟೋ ವರ್ಷವಾಗಿತ್ತು.

ನಮ್ಮ ಪಗಡೆಯ ಕಥೆಯೂ ಹೆಚ್ಚು ಬೇರೆಯಲ್ಲ. ಪಗಡೆ, ಪಚ್ಚೀಸಿಗಳನ್ನು ಸುಲಭ ಮಾಡಿ ‘ಲೂಡೊ’ ಎಂದು ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿಕೊಂಡವನು ಆಲ್ಫ್ರೆಡ್ ಕಾಲಿಯರ್. ಪೇಟೆಂಟಿನಲ್ಲಿ ಅವನ ಹೆಸರಿದೆ. ಪಗಡೆಯನ್ನು ಮೊದಲು ಹಾಸಿದವರ ಹೆಸರು ಎಲ್ಲಿಯೂ ಇಲ್ಲ. ಮೊದಲು ಮಾಡಿದವರಿಗಲ್ಲ, ಮೊದಲು ಬರೆಸಿದವರಿಗೆ ಹೆಸರು ಸಿಗುತ್ತದೆ. ಈ ಮಾತು ನೆನಪಿನಲ್ಲಿರಲಿ, ನಾವೀಗ ಮೈಸೂರಿಗೆ ಹೋಗೋಣ.

ರಾಜ್ಯವಿಲ್ಲದ ರಾಜನ ಆಟಗಳು

ಟಿಪ್ಪುಸುಲ್ತಾನ್ ಮಡಿದ 1799ರಲ್ಲಿ ಐದು ವರ್ಷದ ಬಾಲಕನನ್ನು ಮೈಸೂರಿನ ಗದ್ದುಗೆಯ ಮೇಲೆ ಕೂರಿಸಿದರು. ಆತನೇ ಮುಮ್ಮಡಿ ಕೃಷ್ಣರಾಜ ಒಡೆಯರು. ದೊಡ್ಡವರಾದ ಮೇಲೆ ಆಡಳಿತ ನಡೆಸಿದರು. ನಗರದ ದಂಗೆಯಾಯಿತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಗ ಅರಸರಿಗೆ 37 ವರ್ಷ. ಮುಂದೆ 1868ರಲ್ಲಿ ತೀರಿಕೊಳ್ಳುವವರೆಗೆ, ಇನ್ನೂ 37 ವರ್ಷ, ಅರಮನೆ ಇತ್ತು, ಅಧಿಕಾರವಿರಲಿಲ್ಲ.

ಹೊತ್ತು ಹೋಗದ ದೊರೆಗಳು ಏನೇನೋ ಮಾಡಿದ್ದುಂಟು. ಮುಮ್ಮಡಿಯವರು ಪುಸ್ತಕ ಬರೆಸಿದರು, ಚಿತ್ರ ಬರೆಸಿದರು, ಆಟ ಕಟ್ಟಿದರು. ಅವರ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ದೊಡ್ಡ ಗ್ರಂಥ. ಎಂಟು ನಿಧಿಗಳಲ್ಲಿ ದೇವರು, ಗ್ರಹ, ಆಗಮ ಇತ್ಯಾದಿ. ಒಂಬತ್ತನೆಯದು ‘ಕೌತುಕ ನಿಧಿ’. ಹೆಸರೇ ಹೇಳುವಂತೆ ಅದು ಕುತೂಹಲದ ಕಣಜ. ಯೋಗಾಸನಗಳ ಚಿತ್ರಗಳು ಅದರಲ್ಲಿವೆ. ಇವತ್ತು ಜಗತ್ತಿನ ಯೋಗದ ಚರಿತ್ರೆ ಬರೆಯುವವರು ಆ ಪುಟಗಳನ್ನು ತಿರುಗಿಸದೆ ಮುಂದೆ ಹೋಗುವುದಿಲ್ಲ. ಅದೇ ನಿಧಿಯಲ್ಲಿ ಎಲೆಯಾಟವೂ ಇದೆ.

ಆ ಕಾಲಕ್ಕೆ ಗಂಜೀಫಾ ಎಲೆಗಳು ಹಳೆಯವೇ. ಮೊಗಲರ ಗಂಜೀಫಾದಲ್ಲಿ 96 ಎಲೆ. ದಶಾವತಾರದ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಮುಮ್ಮಡಿಯವರು ಅಷ್ಟಕ್ಕೆ ನಿಲ್ಲಲಿಲ್ಲ. ‘ಛದ’ ಎಂದರೆ ಎಲೆ. ಚಾಮುಂಡೇಶ್ವರಿ ಛದ, ಕೃಷ್ಣರಾಜ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ ಎಂದು ಹೀಗೆ ಹದಿಮೂರು ಬಗೆಯ ಆಟಗಳನ್ನು ಹೊಸದಾಗಿ ರೂಪಿಸಿದರು. ಚಿಕ್ಕದರಲ್ಲಿ 36 ಎಲೆ, ದೊಡ್ಡದರಲ್ಲಿ 360. ನಾವು ಆಡುವ ಇಸ್ಪೀಟಿನಲ್ಲಿ 52 ಎಲೆ, ಅದನ್ನೇ ಕಲೆಸುವಾಗ ಅರ್ಧ ಕೈಜಾರುತ್ತವೆ! ಮುನ್ನೂರ ಅರವತ್ತು ಎಲೆಯ ಆಟ ಆಡಬೇಕಾದರೆ ನೆನಪು ಎಂಥದಿರಬೇಕು, ಪುರುಸೊತ್ತು ಎಷ್ಟಿರಬೇಕು, ಊಹಿಸಿಕೊಳ್ಳಿ.

ಎಲೆಯಾಟ ಮಾತ್ರವಲ್ಲ. ‘ದೇವೀ ಸಾಯುಜ್ಯ’ ಎಂಬ ಮಣೆಯಾಟ ಅವರದು. ತಾಯಿಯಲ್ಲಿ ಒಂದಾಗುವುದೇ ಅದರ ಗುರಿ. ಚದುರಂಗದ ಕುದುರೆಯನ್ನು ಪ್ರತಿಯೊಂದು ಮನೆಗೂ ಒಂದೊಂದೇ ಸಲ ನಡೆಸುವ ಒಗಟುಗಳನ್ನೂ ಅವರು ಕಟ್ಟಿದ್ದರು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮಣೆಗಳನ್ನು ಬರೆಸಿದರು.

ಕುದುರೆಯ ಒಗಟು ಎಂದಾಗ ನಮ್ಮ ಚೆನ್ನೈಯವರಿಗೆ ಒಂದು ನೆನಪಾಗಬೇಕು. 2022ರಲ್ಲಿ ಮಾಮಲ್ಲಪುರದಲ್ಲಿ ಚೆಸ್ ಒಲಿಂಪಿಯಾಡ್ ನಡೆದಾಗ ವೇಷ್ಟಿ ಉಟ್ಟು ಕೈಮುಗಿದು ನಿಂತಿದ್ದ ಕುದುರೆ ‘ತಂಬಿ’ಯನ್ನು ಊರ ತುಂಬ ನೋಡಿದ್ದೀರಿ. ನೇಪಿಯರ್ ಸೇತುವೆಗೆ ಚೆಸ್ ಬೋರ್ಡಿನ ಬಣ್ಣ ಬಳಿದದ್ದೂ ಆಗಲೇ. ಆ ಕುದುರೆಗೆ ಇಲ್ಲೇ ಒಂದು ಹಳೆಯ ನೆಂಟಸ್ತಿಕೆ ಇದೆ. ಕಾಂಚೀಪುರದ ತೂಪ್ಪುಲ್‌ನಲ್ಲಿ ಹುಟ್ಟಿದ ವೇದಾಂತ ದೇಶಿಕರು ‘ಪಾದುಕಾ ಸಹಸ್ರ’ದಲ್ಲಿ ಕುದುರೆಯ ನಡೆಯಂತೆ ಓದಿದರೆ ಬೇರೊಂದು ಶ್ಲೋಕ ಹೊರಡುವ ಹಾಗೆ ಶ್ಲೋಕ ಕಟ್ಟಿದ್ದಾರೆ. ಒಗಟು ಕಟ್ಟಿದವರು ಕವಿಯಾದ್ದರಿಂದ ಹೆಸರು ಉಳಿಯಿತು. ಚದುರಂಗವನ್ನೇ ಕಟ್ಟಿದವರು ಯಾರೋ, ಅವರ ಹೆಸರು ಉಳಿಯಲಿಲ್ಲ.

ಮತ್ತೆ ಮುಮ್ಮಡಿಯವರ ವಿಷಯಕ್ಕೆ ಬರೋಣ. ಇಷ್ಟೆಲ್ಲ ಕಟ್ಟಿದವರಿಗೆ ಮೊದಲ ಮಾಲೆ ಹಾಕಬೇಡವೇ? ಹಾಕೋಣ. ಆದರೆ ಎರಡು ಮಾತು. ಒಂದು, ಛದದ ಆಟಗಳು ಅರಮನೆಯ ಬಾಗಿಲು ದಾಟಿ ಊರಿಗೆ ಬಂದಂತೆ ಕಾಣುವುದಿಲ್ಲ. ಮಂಡಿಮೊಹಲ್ಲದಲ್ಲೋ ಅಗ್ರಹಾರದಲ್ಲೋ ಜನ ಚೌಕಾಬಾರ ಆಡಿದರು, ಅಳಗುಳಿಮಣೆ ಆಡಿದರು, ಹುಲಿ ಕುರಿ ಆಡಿದರು. ಎರಡು, ಮುನ್ನೂರ ಅರವತ್ತು ಎಲೆಗೆ ಬಣ್ಣ ಹಚ್ಚಿ, ಒಂದೊಂದರಲ್ಲೂ ದೇವತೆಯ ಮುಖ ಬಿಡಿಸಿದವರು ಚಿತ್ರಗಾರರು. ಗ್ರಂಥದ ಮೇಲೆ ದೊರೆಯ ಹೆಸರಿದೆ. ಕುಂಚ ಹಿಡಿದವರ ಹೆಸರು ಕೇಳಿದರೆ ಯಾರೂ ಹೇಳರು.

ಗಿಂಡಿಯ ಕಟ್ಟಡ

ಹೆಸರು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಗೆ ಸರಕಾರದ ಉತ್ತರ ಸಿಗುವ ಜಾಗ ನಮ್ಮ ಊರಿನಲ್ಲೇ ಇದೆ. ಏರ್‌ಪೋರ್ಟಿಗೆ ಹೋಗುವ ಜಿ.ಎಸ್.ಟಿ. ರಸ್ತೆಯಲ್ಲಿ, ಗಿಂಡಿಯಲ್ಲಿ, ಬೌದ್ಧಿಕ ಆಸ್ತಿ ಕಚೇರಿಯ ಕಟ್ಟಡವಿದೆ. ಇಡೀ ದೇಶಕ್ಕೆ ಒಂದೇ ಒಂದಾದ ಭೌಗೋಳಿಕ ಸೂಚಕದ, ಅಂದರೆ ಜಿ.ಐ. ನೋಂದಣಿ ಕಚೇರಿ ಅಲ್ಲಿದೆ. ಮೈಸೂರು ರೇಷ್ಮೆ, ಚನ್ನಪಟ್ಟಣದ ಬೊಂಬೆ, ಬಿದರಿ ಪಾತ್ರೆ, ಇವೆಲ್ಲ ಹೆಸರು ಬರೆಸಿಕೊಂಡದ್ದು ಆ ಕಚೇರಿಯಲ್ಲೇ. 2000ರ ದಶಕದ ಕೊನೆಯ ಹೊತ್ತಿಗೆ ಮೈಸೂರಿನ ಗಂಜೀಫಾ ಎಲೆಗಳೂ ಆ ಪಟ್ಟಿ ಸೇರಿದವು. ನಾವು ದಿನಾ ಬಸ್ಸಿನಲ್ಲಿ ದಾಟಿ ಹೋಗುವ ಕಟ್ಟಡದೊಳಗೆ ಮೈಸೂರಿನ ಎಲೆಗಾರರಿಗೆ ಮನ್ನಣೆ ಸಿಕ್ಕಿದೆ ಎಂದರೆ ಸಂತೋಷವೇ ತಾನೆ?

ಸಂತೋಷವೇ. ಆದರೆ ಜಿ.ಐ. ಕೊಡುವುದು ಒಂದು ಊರಿನ ವಸ್ತುವಿಗೆ. ಎಲೆಗೆ ಮನ್ನಣೆ ಸಿಕ್ಕಿತು, ಆಟಕ್ಕೆ ಸಿಗಲಿಲ್ಲ. ಇವತ್ತು ಗಂಜೀಫಾ ಎಲೆಯನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರಿದ್ದಾರೆ, ಕೈಯಲ್ಲಿ ಹಿಡಿದು ಆಡುವವರು ಬಲು ಕಡಿಮೆ. ಹಾಗಾದರೆ ಆಟಕ್ಕೇ ಪೇಟೆಂಟ್ ಪಡೆಯಬಹುದೇ? ಅದೂ ಆಗದು. ನಮ್ಮ ಪೇಟೆಂಟ್ ಕಾಯ್ದೆಯ ಮೂರನೆಯ ಸೆಕ್ಷನ್ನಿನಲ್ಲಿ ‘ಇವು ಆವಿಷ್ಕಾರಗಳಲ್ಲ’ ಎಂಬ ಪಟ್ಟಿ ಇದೆ. ಬರೀ ಆಟವಾಡುವ ವಿಧಾನವೂ ಅದರಲ್ಲಿ ಸೇರಿದೆ. ಡಬ್ಬದ ಚಿತ್ರ, ಅಚ್ಚಾದ ನಿಯಮದ ಪುಸ್ತಕ ಇವುಗಳಿಗೆ ಹಕ್ಕು ಸಿಗಬಹುದು. ಆಟದ ಉಪಾಯಕ್ಕೆ ಸಿಗುವುದಿಲ್ಲ. ಒಂದು ಲೆಕ್ಕಕ್ಕೆ ಇದು ಒಳ್ಳೆಯದೇ. ಇಲ್ಲದಿದ್ದರೆ ಚೌಕಾಬಾರ ಬರೆಯಲು ಯಾರಿಗೋ ದುಡ್ಡು ಕಟ್ಟಬೇಕಾಗುತ್ತಿತ್ತು!

ಕಾನೂನು ಕೈಬಿಟ್ಟಾಗ ಜರ್ಮನಿಯ ಆಟಗಾರರು ಒಂದು ದಾರಿ ಹುಡುಕಿದರು. 1988ರಲ್ಲಿ ನ್ಯೂರೆಂಬರ್ಗಿನ ಆಟಿಕೆ ಮೇಳದಲ್ಲಿ ಹದಿಮೂರು ಮಂದಿ ಆಟ ಕಟ್ಟುವವರು ಸೇರಿ, ಬಿಯರ್ ಲೋಟದ ಕೆಳಗೆ ಇಡುವ ರಟ್ಟಿನ ಮೇಲೆ ಒಂದು ಮಾತು ಬರೆದು ಸಹಿ ಹಾಕಿದರು. ಡಬ್ಬದ ಮೇಲೆ ನಮ್ಮ ಹೆಸರು ಅಚ್ಚು ಹಾಕದ ಕಂಪನಿಗೆ ನಮ್ಮಲ್ಲಿ ಯಾರೂ ಆಟ ಕೊಡುವುದಿಲ್ಲ ಎಂಬುದು ಅದರ ಸಾರ. ಇವತ್ತು ಅಂಗಡಿಯಲ್ಲಿ ಒಳ್ಳೆಯ ಬೋರ್ಡ್ ಗೇಮ್ ಡಬ್ಬದ ಮೇಲೆ ಪುಸ್ತಕದ ಲೇಖಕರಂತೆ ಕಟ್ಟಿದವರ ಹೆಸರು ಕಾಣುತ್ತದಲ್ಲ, ಅದರ ಹಿಂದೆ ಆ ರಟ್ಟಿನ ತುಂಡಿದೆ. ಅವರು ಕೇಳಿದ್ದು ಹೆಸರು, ಅಷ್ಟೆ.

ಮಾಂಬಲದ ಮಹಡಿ

ಈಗ ಆ ಇಬ್ಬರು ಅಜ್ಜಿಯರು. ಒಬ್ಬರು ನನ್ನ ತಾಯಿಯ ತಾಯಿ. ಮೈಸೂರಿನಿಂದ ಮಗಳ ಮನೆಗೆಂದು ಪಶ್ಚಿಮ ಮಾಂಬಲಕ್ಕೆ ಬಂದು ನಮ್ಮ ಜೊತೆಗೇ ಉಳಿದವರು. ಇನ್ನೊಬ್ಬರು ಎದುರು ಮನೆಯ ಮಾಮಿ. ಅಜ್ಜಿಗೆ ತಮಿಳು ಬಾರದು, ಮಾಮಿಗೆ ಕನ್ನಡ ಬಾರದು. ಬೇಸಿಗೆಯಲ್ಲಿ ಕರೆಂಟ್ ಹೋದ ಒಂದು ಸಂಜೆ ಇಬ್ಬರೂ ಮಹಡಿಯ ಮೇಲೆ ಕೂತಿದ್ದಾಗ ಅಜ್ಜಿ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆಯ ಚೌಕಾಬಾರ ಬರೆದರು. ನಾಲ್ಕು ಕವಡೆ, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ.

ಮಾಮಿ ಒಪ್ಪಲಿಲ್ಲ. ಅವರ ದಾಯಕಟ್ಟದಲ್ಲಿ ಉದ್ದನೆಯ ಹಿತ್ತಾಳೆ ದಾಳ. ದಾಯ, ಅಂದರೆ ಒಂದು, ಬೀಳದೆ ಕಾಯಿ ಇಳಿಸುವಂತಿಲ್ಲ. ವಾದ ನಡೆಯಿತು, ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ತಮಿಳಿನಲ್ಲಿ. ಅಜ್ಜಿ ‘ಕಡಿ’ ಎಂದರೆ ಮಾಮಿ ‘ವೆಟ್ಟು’ ಎನ್ನುತ್ತಿದ್ದರು. ಕೊನೆಗೆ ರಾಜಿ: ಮನೆ ಅಜ್ಜಿಯದು, ಕವಡೆ ಅಜ್ಜಿಯದು, ದಾಯದ ನಿಯಮ ಮಾಮಿಯದು. ಕೆಲವು ದಿನದಲ್ಲಿ ಇನ್ನೊಂದು ತೊಡಕು. ನಾವು ಮಕ್ಕಳು ಗೆರೆ ಹಾಕಿದ ಕಟ್ಟೆಮನೆಗಳಲ್ಲಿ ಕಾಯಿ ಕೂರಿಸಿಕೊಂಡು ಅಲ್ಲಾಡದೆ ಇರುತ್ತಿದ್ದೆವು. ಕಟ್ಟೆಯಲ್ಲಿ ಕಡಿಯುವ ಹಾಗಿಲ್ಲವಲ್ಲ, ಆಟ ಮುಂದೆ ಹೋಗುತ್ತಲೇ ಇರಲಿಲ್ಲ. ಇಬ್ಬರೂ ಆಲೋಚಿಸಿ ಹೊಸ ಕಟ್ಟಳೆ ಮಾಡಿದರು: ಕಟ್ಟೆಯಲ್ಲಿ ಮೂರು ಸುತ್ತಿಗಿಂತ ಹೆಚ್ಚು ಕೂತರೆ ಕಾಯಿ ಮನೆಗೆ ವಾಪಸ್. ಮಾರನೆಯ ದಿನದಿಂದ ಆಟ ಚುರುಕಾಯಿತು.

ಆ ಆಟ ನಮ್ಮ ಮಹಡಿಯಲ್ಲಿ ಎಷ್ಟೋ ಬೇಸಿಗೆ ನಡೆಯಿತು. ಪಕ್ಕದ ಕಟ್ಟಡದವರೂ ಬಂದು ಕಲಿತರು. ಈಗ ಇಬ್ಬರೂ ಇಲ್ಲ. ಹೋದ ವರ್ಷ ಅಕ್ಕನೂ ನಾನೂ ಮನೆ ಬರೆದು ಕೂತೆವು. ಜೋಡಿ ಕಾಯಿಗೆ ಅವರು ಮಾಡಿದ್ದ ಒಂದು ನಿಯಮ ಇತ್ತು, ಜೊತೆಗಾರನ ಕಾಯಿಯ ಜೊತೆ ನಮ್ಮದು ಕೂಡಿದರೆ ಏನು ಎಂಬುದು. ಅಕ್ಕನಿಗೆ ಒಂದು ನೆನಪು, ನನಗೆ ಇನ್ನೊಂದು. ಕೇಳೋಣ ಎಂದರೆ ಯಾರನ್ನು ಕೇಳುವುದು? ನಾವು ಕಾಯಿ ಎತ್ತಿಟ್ಟೆವು.

ಬ್ಯಾನರಿನ ತೀರ್ಮಾನ

ಇದನ್ನೆಲ್ಲ ಹೇಳಿದಾಗ ಹುಡುಗರಲ್ಲಿ ಒಬ್ಬಳು ಸರಿಯಾದ ಪ್ರಶ್ನೆ ಕೇಳಿದಳು. ‘ಅಂಕಲ್, ಇದ್ದ ಆಟಕ್ಕೆ ಮನೆಮಟ್ಟಿಗೆ ಎರಡು ನಿಯಮ ಸೇರಿಸಿದರೆ ಅದು ಆಟ ಕಟ್ಟಿದ ಹಾಗೆ ಆಗುತ್ತದಾ?’ ನಾನು ಕೇಳಿದೆ, ‘ಆರ್ನೆಸನ್ ಮಾಡಿದ್ದೇನಮ್ಮ?’ ಬೇರೆಯವರ ಯುದ್ಧದಾಟಕ್ಕೆ ಮನೆಮಟ್ಟಿಗೆ ನಿಯಮ ಸೇರಿಸಿದ. ಅದರಿಂದ ಒಂದು ಹೊಸ ಬಗೆಯೇ ಹುಟ್ಟಿತು. ನಮ್ಮ ಅಜ್ಜಿಯಂದಿರ ಆಟ ಜಗತ್ತಿಗೆ ಹೋಗಲಿಲ್ಲ, ನಿಜ. ಆದರೆ ಕೆಲಸ ಒಂದೇ: ಆಟ ಎಲ್ಲಿ ಕುಂಟುತ್ತದೆ ಎಂದು ನೋಡುವುದು, ಅದಕ್ಕೆ ಮದ್ದು ಹುಡುಕುವುದು, ಮದ್ದು ಹತ್ತಿತೇ ಎಂದು ಆಡಿ ನೋಡುವುದು.

ಹಾಗಾಗಿ ಮನ್ನಣೆ ಕೊಡುವಾಗ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಇವರಿಂದ ಆಟ ಬದಲಾಯಿತೇ? ಅದನ್ನು ಬೇರೆಯವರು ಆಡಿದರೇ? ಮುಂದಿನವರಿಗೆ ದಾಟಿಸಿದರೇ? ಮುಮ್ಮಡಿಯವರಿಗೆ ಮೊದಲನೆಯದಕ್ಕೂ ಮೂರನೆಯದಕ್ಕೂ ಪೂರ್ಣ ಅಂಕ, ಎರಡನೆಯದಕ್ಕೆ ಕಡಿಮೆ. ಅಜ್ಜಿಯರಿಗೆ ಮೊದಲೆರಡಕ್ಕೆ ಪೂರ್ಣ, ಮೂರನೆಯದಕ್ಕೆ ಸೊನ್ನೆ. ಅದೂ ಅವರ ತಪ್ಪಲ್ಲ. ಅವರು ಬಾಯಲ್ಲಿ ಹೇಳಿದ್ದರು, ಬರೆದುಕೊಳ್ಳದೆ ಬಿಟ್ಟವರು ನಾವು.

ಬರೀ ಮೂರನೆಯದಕ್ಕೇ ಗೌರವ ಸಲ್ಲಬೇಕಾದವರೂ ಇದ್ದಾರೆ. ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳಲ್ಲಿ ಹಳೆಯ ಮಣೆಯಾಟಗಳನ್ನು, ಮುಮ್ಮಡಿಯವರ ಆಟಗಳನ್ನು ಕೂಡ, ಮತ್ತೆ ಮಾಡಿಸಿ ಜನರ ಮುಂದಿಟ್ಟಿತು. ನಮ್ಮ ಚೆನ್ನೈಯಲ್ಲಿ ವಿನಿತಾ ಸಿದ್ಧಾರ್ಥ ಅವರು 2002ರಲ್ಲಿ ‘ಕ್ರೀಡಾ’ ಆರಂಭಿಸಿ ಪಲ್ಲಾಂಗುಳಿ, ಆಡುಪುಲಿ, ಪರಮಪದಗಳನ್ನು ಮತ್ತೆ ಮಕ್ಕಳ ಕೈಗೆ ಕೊಟ್ಟರು. ಇವರು ಆ ಆಟಗಳನ್ನು ಕಟ್ಟಲಿಲ್ಲ. ಆದರೆ ಇಂಥವರಿಲ್ಲದಿದ್ದರೆ ಕಟ್ಟಿದ್ದೂ ಉಳಿಯುತ್ತಿರಲಿಲ್ಲ.

ಕೊನೆಗೆ ಬ್ಯಾನರಿನಲ್ಲಿ ಏನು ಬಂತು ಎನ್ನುತ್ತೀರಾ? ಗೈಗ್ಯಾಕ್ಸ್ ಮತ್ತು ಆರ್ನೆಸನ್ ಇಬ್ಬರಿಗೂ ಸೇರಿ ಒಂದೇ ಜಾಗ. ಜಗಳ ಅಲ್ಲಿಗೆ ಮುಗಿಯಿತು. ಎರಡನೆಯದು ಎಲಿಜಬೆತ್ ಮ್ಯಾಗಿ. ಮೂರನೆಯದು ಮುಮ್ಮಡಿ ಕೃಷ್ಣರಾಜ ಒಡೆಯರು. ನಾಲ್ಕನೆಯದು ‘ಗಂಜೀಫಾ ಎಲೆ ಬರೆದ ಚಿತ್ರಗಾರರು’. ಐದನೆಯ ಜಾಗ ಖಾಲಿ. ಅದರ ಕೆಳಗೆ ಒಂದು ಪೆನ್ನು ಕಟ್ಟಿ, ‘ನಿಮಗೆ ಆಟ ಕಲಿಸಿದವರ ಹೆಸರು ಬರೆಯಿರಿ’ ಎಂದು ಬರೆದಿದ್ದರು. ಹಬ್ಬದ ಸಂಜೆ ನಾನು ನೋಡಲು ಹೋದಾಗ ಆ ಜಾಗದಲ್ಲಿ ತಮಿಳು, ತೆಲುಗು, ಕನ್ನಡ, ಮಲಯಾಳ ಎಲ್ಲ ಲಿಪಿಯಲ್ಲೂ ಪಾಟಿ, ಅಮ್ಮಮ್ಮ, ಅಜ್ಜಿ, ಮುತ್ತಶ್ಶಿ ಎಂದು ತುಂಬಿಹೋಗಿತ್ತು. ನಾನೂ ಎರಡು ಹೆಸರು ಬರೆದು ಬಂದೆ.

ಕೇಳುಗರೆ, ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆ ಪರಮಪದ ಹಾಸಿದಾಗಲೋ, ಊರಿನಿಂದ ದೊಡ್ಡವರು ಬಂದಾಗಲೋ, ಅವರ ಮನೆಯ ಆಟದ ನಿಯಮಗಳನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ‘ಎಲ್ಲರೂ ಆಡುವ ಹಾಗೇ’ ಎನ್ನುತ್ತಾರೆ, ನಂಬಬೇಡಿ. ಜೊತೆಗೆ ಕೂತು ಒಂದಾಟ ಆಡಿ, ಆಗ ಅವರದೇ ಕಟ್ಟಳೆಗಳು ಒಂದೊಂದಾಗಿ ಹೊರಬರುತ್ತವೆ. ಹಾಳೆಯ ತಲೆಯಲ್ಲಿ ಅವರ ಹೆಸರು, ಊರು ಬರೆಯುವುದನ್ನು ಮರೆಯಬೇಡಿ. ಜೋಡಿ ಕಾಯಿಯ ನಿಯಮವನ್ನಂತೂ ತಪ್ಪದೆ ಕೇಳಿ.